ಬಾಗಿಲಲ್ಲಿ ಕೊಟ್ಟ ಮಾತು

ನಮ್ಮ ಮನೆಯಲ್ಲಿ ಬಾಗಿಲುಗಳಿಗೆ ಕೊರತೆ ಇರಲಿಲ್ಲ. ಬೆಟಗೇರಿಯ ನೇಕಾರರ ಓಣಿಯ ಮನೆಗಳೇ ಹಾಗೆ, ಅಗಲ ಕಡಿಮೆ, ಉದ್ದ ಬಹಳ. ತಲಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ಬಲಕ್ಕೆ ಅಪ್ಪನ ಮಗ್ಗದ ಖೋಲಿ, ಮುಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಎಲ್ಲ ಬಾಗಿಲೂ ತೆರೆದಿದ್ದರೆ ಓಣಿಯಲ್ಲಿ ನಿಂತವರಿಗೆ ಹಿತ್ತಲಿನ ಹಗ್ಗದ ಮೇಲಿನ ಬಣ್ಣದ ನೂಲು ಕಾಣಿಸುತ್ತಿತ್ತು. ಮನೆಯ ಪಕ್ಕಕ್ಕೆ ಒಂದು ಸಂದಿ. ಅದರಲ್ಲಿ ಒಬ್ಬರು ಅಡ್ಡಡ್ಡ ನಡೆದು ಹಿತ್ತಲಿಗೆ ಹೋಗಬಹುದಿತ್ತು. ಮುಂದಿನ ಬಾಗಿಲಿಂದ ಬರಲು ಮುಖವಿಲ್ಲದವರು ಆ ಸಂದಿಯಿಂದ ಬರುತ್ತಾರೆ ಎಂದು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಆಗಾಗ ಅನ್ನುತ್ತಿದ್ದಳು. ಅವಳು ಅದನ್ನು ಉದ್ರಿ ಕೇಳಲು ಬರುವ ನೆರೆಯವರನ್ನು ನೋಡಿ ಅನ್ನುತ್ತಿದ್ದದ್ದು. ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೇ ಒಂದು ದಿನ ಆ ಸಂದಿ ಉಪಯೋಗಕ್ಕೆ ಬರುತ್ತದೆ ಎಂದು ಅವಳಿಗೆ ಹೇಗೆ ಗೊತ್ತಿರಬೇಕು.

ತಲಬಾಗಿಲ ಕಥೆ ಬೇರೆ. ನಮ್ಮ ಕಡೆ ಹೊಸ ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳುವಾಗ ಮದುಮಗನ ಅಕ್ಕನೋ ತಂಗಿಯೋ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಹೊಸ್ತಿಲ ಮೇಲೆ ಅಕ್ಕಿಯ ಸೇರು, ಒಳಗೆ ಆರತಿ, ಹೊರಗೆ ಬಿಸಿಲಲ್ಲಿ ಬೆವರುತ್ತ ನಿಂತ ಗಂಡು ಹೆಣ್ಣು. ಇಬ್ಬರೂ ಒಡಪು ಕಟ್ಟಿ ಒಬ್ಬರ ಹೆಸರು ಒಬ್ಬರು ಹೇಳಬೇಕು. ಆಮೇಲೆ ಅಡ್ಡ ನಿಂತವಳು ಬೇಡಿದ್ದನ್ನು ಅಣ್ಣ ಕೊಡಬೇಕು. ಬೇಡುವುದು ಹೆಚ್ಚಾಗಿ ಒಂದೇ: ನಿನಗೆ ಹುಟ್ಟುವ ಮಗಳನ್ನು ನನ್ನ ಮಗನಿಗೆ ಕೊಡು. ಅಣ್ಣ ಅವಳ ಅಂಗೈ ಮೇಲೆ ಅಂಗೈ ಇಟ್ಟು 'ಕೊಟ್ಟೆ' ಅನ್ನುತ್ತಾನೆ, ಎಲ್ಲರೂ ನಗುತ್ತಾರೆ, ದಾರಿ ಬಿಡುತ್ತದೆ. ಬೇರೆಯವರ ಮನೆಯಲ್ಲಿ ಅದು ಅಲ್ಲಿಗೆ ಮುಗಿಯುತ್ತದೆ. ನಮ್ಮಲ್ಲಿ ಮುಗಿಯುತ್ತಿರಲಿಲ್ಲ. ಯಾಕೆಂದರೆ ನನ್ನ ಅವ್ವ ಈ ಮನೆಗೆ ಬಂದದ್ದೇ ಅಂಥ ಒಂದು ಬಾಗಿಲ ಮಾತಿನಿಂದ. ಮುಂಡರಗಿಯಲ್ಲಿ ಆಯಿಯ ತಮ್ಮನ ಮದುವೆಯಾದಾಗ ಆಯಿ ನನ್ನ ಅಪ್ಪನನ್ನು ಟೊಂಕದ ಮೇಲೆ ಎತ್ತಿಕೊಂಡೇ ಬಾಗಿಲು ತಡೆದು, ಮೊದಲ ಹೆಣ್ಣುಕೂಸು ನನ್ನ ಮಗನಿಗೆ ಅಂದಿದ್ದಳು. ತಮ್ಮ 'ಕೊಟ್ಟೆ' ಅಂದಿದ್ದ. ಅವ್ವ ಹುಟ್ಟಿ, ಬೆಳೆದು, ಏಳನೇ ಇಯತ್ತೆಯಲ್ಲಿ ಶಾಲೆಗೇ ಮೊದಲಿಗಳಾಗಿ ಬಂದಾಗ ಅವಳ ಅಪ್ಪನಿಗೆ ಮನಸ್ಸು ಬದಲಾಯಿತು, ಹುಡುಗಿ ಇನ್ನೂ ಓದಲಿ ಅನ್ನಿಸಿತು. ಖಬರು ಕೇಳಿದ ಆಯಿ ಮೊದಲ ಬಸ್ಸಿಗೆ ಮುಂಡರಗಿಗೆ ಹೋಗಿ ಅದೇ ಬಾಗಿಲಲ್ಲಿ ಕೂತಳು. ಒಳಗೂ ಹೋಗಲಿಲ್ಲ, ನೀರೂ ಮುಟ್ಟಲಿಲ್ಲ. ಅವ್ವ ಇದನ್ನು ರೊಟ್ಟಿ ಬಡಿಯುತ್ತ ನಗುನಗುತ್ತಲೇ ಹೇಳುತ್ತಿದ್ದಳು.

“ನಾ ಹುಟ್ಟೂ ಮುಂಚೇನ ಈ ಮನ್ಯಾಕಿ ಆಗಿದ್ನೆವಾ. ನನ್ನ ಹೆಸರ ಇಡೂ ಮೊದಲ ನನ್ನ ಗಂಡನ ಹೆಸರ ಇಟ್ಟಿದ್ರು.”

ಅದು ನಗುವ ಮಾತಲ್ಲ ಎಂದು ಆಗ ನನಗೆ ತಿಳಿಯುತ್ತಿರಲಿಲ್ಲ. ನಾನು ತಿಳಿದುಕೊಂಡಿದ್ದು ಇಷ್ಟೇ: ನಮ್ಮ ಮನೆಯಲ್ಲಿ ಬಾಗಿಲಲ್ಲಿ ನಿಂತು ಕೊಟ್ಟ ಮಾತು ಅಂದರೆ ಮಾತು. ಅದನ್ನು ಬಿಟ್ಟು ಬೇರೇನನ್ನೂ ನಾನು ಅಷ್ಟು ಗಟ್ಟಿಯಾಗಿ ನಂಬಿರಲಿಲ್ಲ, ದೇವರನ್ನೂ ಸೇರಿಸಿ.

ಆಗ ಮನೆಯಲ್ಲಿ ಅಪ್ಪ, ಅವ್ವ, ಆಯಿ, ನಾನು, ನನ್ನ ಚಿಕ್ಕ ತಮ್ಮ ಬಸು, ಅಪ್ಪನ ತಮ್ಮ ಮಲ್ಲಪ್ಪ ಕಾಕಾ, ಅವರಿಬ್ಬರಿಗೂ ಸಣ್ಣವಳಾದ ತಂಗಿ ಗಿರಿಜತ್ತಿ. ಕಾಕಾ ಮುಳಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ನಮ್ಮ ವಂಶದಲ್ಲಿ ಮಗ್ಗದ ಕುಣಿಯಿಂದ ಮೇಲೆ ಎದ್ದು ಖುರ್ಚಿಯ ಮೇಲೆ ಕೂತ ಮೊದಲ ಮನುಷ್ಯ ಎಂದು ಆಯಿ ಕಂಡವರಿಗೆಲ್ಲ ಹೇಳುತ್ತಿದ್ದಳು. ನನಗೋ, ಕಾಕಾ ಅಂದರೆ ಜೀವ. ಸಂಜೆ ಅವನು ಬಸ್ಸಿಳಿದು ಓಣಿಗೆ ತಿರುಗುವುದನ್ನು ಕಾಯುತ್ತಿದ್ದೆ. ಅವನ ಅಂಗಿಯ ಕಿಸೆಯಲ್ಲಿ ಮುರಿದ ಸೀಮೆಸುಣ್ಣದ ತುಂಡು ಇರುತ್ತಿತ್ತು, ಕೈಯಲ್ಲಿ ಒಮ್ಮೊಮ್ಮೆ ಮಿರ್ಚಿಯ ಪೊಟ್ಟಣ. ಮುಖ ತೊಳೆದು ಚಹಾ ಕುಡಿದವನೇ ನಡುಮನೆಯ ಬಾಗಿಲು ಮುಚ್ಚಿ, ಎಣ್ಣೆ ಹೊಗೆ ಕುಡಿದು ಕಪ್ಪಾದ ಆ ಹಲಗೆಯ ಮೇಲೆ ದಿನಕ್ಕೊಂದು ಇಂಗ್ಲಿಷ್ ಶಬ್ದ ಬರೆಯುತ್ತಿದ್ದ. ಮೊದಲು ಅರ್ಥ, ಆಮೇಲೆ ಬಳಕೆ, ಕೊನೆಗೆ ಸ್ವಂತ ವಾಕ್ಯ. ಪುಸ್ತಕದ ವಾಕ್ಯ ಹೇಳಿದರೆ ನಡೆಯುತ್ತಿರಲಿಲ್ಲ. ಮನೆಯಲ್ಲಿ ಕಂಡದ್ದು, ಓಣಿಯಲ್ಲಿ ನಡೆದದ್ದೇ ಬರಬೇಕು. ಗಿರಿಜತ್ತಿ ಅದೇ ಖೋಲಿಯ ಮೂಲೆಯಲ್ಲಿ ರಾಟಿಯ ಮುಂದೆ ಕೂತು, ಅಪ್ಪನ ಮಗ್ಗಕ್ಕೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತ ಕೇಳುತ್ತಿದ್ದಳು. ನಾನು ತಡವರಿಸಿದಾಗ ರಾಟಿಯ ಸದ್ದಿನಲ್ಲೇ ಉತ್ತರ ಪಿಸುಗುಟ್ಟುತ್ತಿದ್ದಳು. ಕಾಕಾ ಕೇಳಿಯೂ ಕೇಳದಂತೆ ಇರುತ್ತಿದ್ದ. ಆ ಕಾಲದ ಸಂಜೆಗಳಷ್ಟು ಒಳ್ಳೆಯ ಸಂಜೆ ನನಗೆ ಮತ್ತೆ ಸಿಗಲಿಲ್ಲ, ಇದನ್ನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಒಂದು ದಿನ ಬಾಗಿಲ ಮೇಲೆ ಬಂದ ಶಬ್ದ ಅಬ್‌ಸ್ಟ್ರಕ್ಟ್. ಕಾಕಾ ಅರ್ಥ ಹೇಳುವುದರೊಳಗೆ ಆ ಕಡೆಯಿಂದ ಆಯಿ ಬಾಗಿಲು ಬಡಿಯತೊಡಗಿದಳು.

“ತಗೀರೋ ಬಾಗಲಾ! ಹಿತ್ತಲಕ್ಕ ಹೋಗಬೇಕ ನಾನು. ನಿಮ್ಮ ಇಂಗ್ಲೀಷಿಗೆ ಬೆಂಕಿ ಹತ್ತಲಿ!”

“ನಿಂದ್ರ ಯವ್ವಾ, ಇವತ್ತಿನ ವಾಕ್ಯಾನ ನೀ ಕೊಟ್ಟಿ,” ಎಂದು ಕಾಕಾ ನಕ್ಕ. ನನಗೆ ಹೇಳಿದ: “ನೋಡ ಸುಮೀ, ಈಗ ಈ ಬಾಗಲಾ ನಿಮ್ಮ ಆಯೀನ ಅಬ್‌ಸ್ಟ್ರಕ್ಟ್ ಮಾಡಾಕತ್ತೇತಿ. ಹಾದ್ಯಾಗ ಅಡ್ಡ ನಿಂತೇತಿ, ಹೌದಲ್ಲೋ? ಎಮ್ಮಿ ರಸ್ತೇಕ ಅಡ್ಡ ನಿಂತ್ರೂ ಅದ, ಗ್ವಾಡಿ ಬೆಳಕಿಗೆ ಅಡ್ಡ ಬಂದ್ರೂ ಅದ. ಹಿಂಡರ್ ಅಂದ್ರ ಬ್ಯಾರೆ, ಅದು ತಡಾ ಮಾಡಸೂದು. ಪ್ರಿವೆಂಟ್ ಅಂದ್ರ ಇನ್ನೂ ಬ್ಯಾರೆ, ಆಗದಂಗನ ಮಾಡಿಬಿಡೂದು. ಅಬ್‌ಸ್ಟ್ರಕ್ಟ್‌ದಾಗ ಹಾದಿ ಇರ್ತೈತಿ. ಅಡ್ಡ ನಿಂತಾವ ಸರದ್ನೆಂದ್ರ ಆತು.”

ಬಾಗಿಲು ತೆರೆದ. ಆಯಿ ಬೈಯುತ್ತಲೇ ಒಳಗೆ ಬಂದು ಹಿತ್ತಲಿಗೆ ಹೋದಳು. ಗಿರಿಜತ್ತಿಗೆ ನಗು ತಡೆಯಲಾಗದೆ ನೂಲು ಹರಿಯಿತು. ನನ್ನ ಸರದಿ ಬಂದಾಗ ನಾನು ನಮ್ಮ ಮನೆಯ ಶಾಸ್ತ್ರವನ್ನೇ ವಾಕ್ಯ ಮಾಡಿದೆ: ಲಗ್ನದಲ್ಲಿ ಅತ್ತಿ ಬಾಗಿಲನ್ನು ಅಬ್‌ಸ್ಟ್ರಕ್ಟ್ ಮಾಡುತ್ತಾಳೆ. ಕಾಕಾ ನನ್ನ ಬೆನ್ನು ಚಪ್ಪರಿಸಿದ. ಅವನ ಲಗ್ನ ಆಗಲೇ ಶಿರಹಟ್ಟಿಯಲ್ಲಿ ನಿಶ್ಚಯವಾಗಿತ್ತು.

“ನನ್ನ ಲಗ್ನದಾಗ ಇಬ್ರೂ ಕೂಡೇ ತಡೀರಿ. ಏನ್ ಬೇಡ್ತೀರಿ ಈಗ ವಿಚಾರ ಮಾಡಿ ಇಟಗೋರಿ, ಹಿಂದಾಗಡೆ ಅಳಬ್ಯಾಡ್ರಿ,” ಅಂದ.

ಗಿರಿಜತ್ತಿ ನಿಜವಾಗಿಯೇ ವಿಚಾರ ಮಾಡಿದಳು. ಅವಳು ಪಿಯುಸಿ ಮುಗಿಸಿ ಪ್ರಾಥಮಿಕ ಶಾಲೆಯ ಮಾಸ್ತರಿಕೆಯ ಟ್ರೇನಿಂಗಿಗೆ ಅರ್ಜಿ ಹಾಕಿ ಕೂತಿದ್ದ ಕಾಲ ಅದು. ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಇನ್ನು ಪ್ರತಿಯೊಂದಕ್ಕೂ ಧಾರವಾಡಕ್ಕೆ ಓಡುವುದು ತಪ್ಪಿತು, ಇಲ್ಲೇ ಆಫೀಸು, ಇಲ್ಲೇ ಸಾಹೇಬರು, ಸಾಲಿಗಳಿಗೆ ಇಲ್ಲಿಯವರನ್ನೇ ತೆಗೆದುಕೊಳ್ಳುತ್ತಾರೆ ಎಂದು ಪಡಸಾಲೆಯಲ್ಲಿ ಕೂತವರೆಲ್ಲ ಹೇಳುವವರೇ. ಅವರು ತಮ್ಮ ಗಂಡುಮಕ್ಕಳನ್ನು ನೆನೆಸಿಕೊಂಡು ಹೇಳುತ್ತಿದ್ದರು. ರಾಟಿಯ ಮುಂದೆ ಕೂತವಳು ಅದನ್ನು ತನಗೇ ಹೇಳಿದ್ದು ಎಂದುಕೊಂಡಳು. ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಬಂದೇಬಿಟ್ಟಿತು. ಟ್ರೇನಿಂಗಿನ ಹುಡುಗಿಯರು ಉಡಬೇಕಾದ ಆಕಾಶ ಬಣ್ಣದ ಸೀರೆಯನ್ನು ಅಂಗಡಿಯಿಂದ ಯಾಕೆ ತರುವುದು ಎಂದು ಅಪ್ಪನೇ ನೇಯಲು ಶುರು ಮಾಡಿದ. ಅದರ ಕಂಡಿಕೆಗಳನ್ನೆಲ್ಲ ಅತ್ತಿಯೇ ಸುತ್ತಿದಳು, ನನಗೆ ಮುಟ್ಟಗೊಡಲಿಲ್ಲ. ಆದರೆ ಆಯಿ ಮಾತ್ರ ದಿನಕ್ಕೊಮ್ಮೆ, ಮಲ್ಲೂನ ಲಗ್ನ ಆದ ಮೇಲೆ ಇವಳದ್ದೂ ಮುಗಿಸಬೇಕು ಅನ್ನುತ್ತಿದ್ದಳು. ಅದಕ್ಕೇ ಅತ್ತಿ ಬಾಗಿಲನ್ನು ನಂಬಿದಳು. ಹಿತ್ತಲಲ್ಲಿ ನೂಲು ಹಿಂಡುತ್ತ ನನಗೆ ಹೇಳಿದ್ದು ನೆನಪಿದೆ.

“ಬಾಗಲಾಗ ಬೇಡಿದ್ದನ್ನ ನಮ್ಮ ಮನ್ಯಾಗ ಯಾರೂ ಮುರಿಯಾಂಗಿಲ್ಲ. ನಿಮ್ಮವ್ವನ್ನ ನೋಡು. ಹುಟ್ಟದ ಕೂಸಿನ ಮ್ಯಾಲಿನ ಮಾತ ನಡೀತು, ಹುಟ್ಟಿದಾಕಿದು ನಡಿಯೂದಿಲ್ಲನು?”

ಲಗ್ನ ಶಿರಹಟ್ಟಿಯಲ್ಲಿ ಮುಗಿಯಿತು. ಮರುದಿನ ಮದುಮಕ್ಕಳು ಟೆಂಪೋದಲ್ಲಿ ಬೆಟಗೇರಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅತ್ತಿ ಮತ್ತು ನಾನು ಅಪ್ಪನ ಮಗ್ಗದಿಂದ ಇಳಿದ ಹೊಸ ಕೆಂಪು ಸೀರೆಯನ್ನು ಉದ್ದಕ್ಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತೆವು. ಒಂದು ತುದಿ ಅವಳ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ನನ್ನ ಕೈ ಸಣ್ಣದು, ಅವಳ ಕಡೆ ಎತ್ತರ, ನನ್ನ ಕಡೆ ಇಳಿಜಾರು. ಕಾಕಾ ಒಡಪು ಹೇಳಿದ, ನಕ್ಕರು. ಹೊಸ ಚಿಗವ್ವ ತಲೆ ತಗ್ಗಿಸಿ ಹೇಳಿದಳು, ಇನ್ನೂ ಜೋರು ನಕ್ಕರು. ಯಾರೋ ಹಿಂದಿನಿಂದ ಕೂಗಿದರು, “ಬೇಡ ಗಿರಿಜಾ, ಇಲ್ಲದ ಮಗಗ ಇಲ್ಲದ ಸೊಸಿ ಬೇಡಕೋ!” ಅತ್ತಿ ನಗಲಿಲ್ಲ.

“ಅಣ್ಣಾ, ನಾ ಟ್ರೇನಿಂಗ್ ಮುಗಿಸೂತನಕ ನನಗ ಗಂಡ ನೋಡಬಾರ್ದು. ಯಾರ ಅಡ್ಡ ಬಂದ್ರೂ ನೀ ನನ್ನ ಕಡೆ ನಿಂದ್ರಬೇಕು. ಕೊಡ್ತಿ?”

ಆರತಿ ಹಿಡಿದಿದ್ದ ಅವ್ವ ನನ್ನ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಕಾಕಾ ಪಕ್ಕದಲ್ಲಿದ್ದ ಹೊಸ ಹೆಂಡತಿಯ ಕಡೆ ನೋಡಿದ, ಆಕೆಯ ಹಿಂದೆ ನಿಂತಿದ್ದ ಶಿರಹಟ್ಟಿಯ ಬೀಗರ ಕಡೆ ನೋಡಿದ. ಆಮೇಲೆ ದೊಡ್ಡದಾಗಿ ನಕ್ಕು, “ಕೊಟ್ಟೆ, ಹೋಗವಾ!” ಅಂದ.

“ಬರೇ ಬಾಯಿಲೆ ಬ್ಯಾಡ.”

ಅವಳು ಅಂಗೈ ಚಾಚಿದಳು. ಅವನು ತನ್ನ ಅರಿಸಿನದ ಅಂಗೈಯನ್ನು ಅದರ ಮೇಲೆ ಇಟ್ಟು ಒತ್ತಿದ. “ಕೊಟ್ಟೆ. ಸುಮೀನ ಸಾಕ್ಷಿ.” ಸೀರೆ ಕೆಳಗಿಳಿಯಿತು. ಚಿಗವ್ವ ಸೇರು ಒದ್ದು ಒಳಗೆ ಬಂದಳು. ಅಕ್ಕಿ ನನ್ನ ಕಾಲಿನ ಮೇಲೆಲ್ಲ ಚೆಲ್ಲಿತು. ಸಾಕ್ಷಿ ಅನ್ನಿಸಿಕೊಂಡ ಹೆಮ್ಮೆಯಲ್ಲಿ ನಾನು ಅವತ್ತು ಎರಡು ಸಲ ಉಂಡೆ. ನಮ್ಮ ಕಾಕಾ ಎಂಥವನು ನೋಡಿದಿರಾ ಎಂದು ಓಣಿಯ ಹುಡುಗಿಯರ ಮುಂದೆಲ್ಲ ಹೇಳಿಕೊಂಡು ಬಂದೆ.

ಟ್ರೇನಿಂಗ್ ಶುರುವಾಗಲು ಇನ್ನೇನು ವಾರವಿದೆ ಅನ್ನುವಾಗ ಶಿರಹಟ್ಟಿಯ ಬೀಗರು ಬಂದರು. ಚಿಗವ್ವನ ಅಪ್ಪ, ಅವ್ವ, ಕಿರಾಣಿ ಅಂಗಡಿ ನಡೆಸುವ ಅಣ್ಣ. ಮಗಳನ್ನು ನೋಡಲು ಬಂದಿದ್ದಾರೆ ಎಂದುಕೊಂಡು ಅತ್ತಿ ಅವಲಕ್ಕಿ ಒಗ್ಗರಣೆ ಹಾಕಿ, ಚಹಾ ಮಾಡಿ ಪಡಸಾಲೆಗೆ ಒಯ್ದಳು. ಕಪ್ಪು ಕೊಟ್ಟು ತಿರುಗುವಷ್ಟರಲ್ಲಿ ಆ ಹಿರಿಯ ಹೆಂಗಸು ಅವಳ ಕೈ ಹಿಡಿದು ಕೂರಿಸಿ, ಉಡಿಗೆ ಕಾಯಿ, ಕೈಗೆ ಸಕ್ಕರೆ ಇಟ್ಟಳು. ನಮ್ಮ ಕಡೆ ಹೆಣ್ಣು ನಿಶ್ಚಯವಾಯಿತು ಅನ್ನುವುದು ಹೀಗೆ, ಗಂಡು ಆ ಅಂಗಡಿಯ ಅಣ್ಣ. ಅವಲಕ್ಕಿಯ ಅರಿಸಿನ ಇನ್ನೂ ಅವಳ ಬೆರಳಿಗೆ ಅಂಟಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು ಅವಳ ಮುಖ ನೋಡಿದೆ. ಕಾಯಿ ಹಿಡಿದುಕೊಂಡು, ಅದು ಯಾರದೋ, ಯಾರಿಗೆ ಕೊಡಬೇಕೋ ಅನ್ನುವವಳಂತೆ ಕೂತಿದ್ದಳು. ಕಾಕಾ ನಿಂಬೆಹಣ್ಣಿನ ಉಪ್ಪಿನಕಾಯಿ ಎಷ್ಟು ಚೆನ್ನಾಗಿದೆ ಎಂದು ಹೇಳುತ್ತಿದ್ದ.

ಬೀಗರು ಓಣಿ ದಾಟುವವರೆಗೂ ಅತ್ತಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಕಾಯಿಯನ್ನು ಕಾಕಾನ ಮುಂದೆ ನೆಲದ ಮೇಲೆ ಇಟ್ಟಳು.

“ಅಣ್ಣಾ, ಬಾಗಲಾಗ ಏನ್ ಅಂದಿದ್ದಿ?”

“ಅದೇನ್ ಕೋರ್ಟನು? ಶಾಸ್ತ್ರದಾಗಿನ ಚ್ಯಾಷ್ಟಿ ಅದು. ಬೀಗರ ಮುಂದ ಏನ್ ಅನ್ಬೇಕಾಗಿತ್ತು ನಾನು?”

ಆಯಿ ಕಣ್ಣೊರೆಸಿಕೊಳ್ಳುತ್ತ ಸಮಾಧಾನ ಹೇಳಲು ಬಂದಳು. ಹೇಳಬಾರದ್ದನ್ನು ಹೇಳಿದಳು. “ಅವನ ಮ್ಯಾಲ ಯಾಕ ಹಾಯತಿಯವಾ. ಇದು ಈಗಿನ ಮಾತಲ್ಲ. ಅವನ ನಿಶ್ಚಯದಾಗನ ಆಗಿತ್ತು, ಅವರ ಹೆಣ್ಣ ನಮಗ, ನಮ್ಮ ಹೆಣ್ಣ ಅವರಿಗೆ ಅಂತ. ಅವನೂ ಹೂಂ ಅಂದಿದ್ದ.”

ಅತ್ತಿ ಆಯಿಯ ಕಡೆ ತಿರುಗಲೇ ಇಲ್ಲ, ಕಾಕಾನನ್ನೇ ನೋಡುತ್ತಿದ್ದಳು.

“ನಿಶ್ಚಯದಾಗ? ಅಂದ್ರ ನನ್ನ ಕೈ ಮ್ಯಾಲ ಕೈ ಇಡೂವಾಗ ನಿನಗ ಗೊತ್ತಿತ್ತು?”

ಕಾಕಾ ಕೈಗಡಿಯಾರಕ್ಕೆ ಕೀಲಿ ಕೊಡತೊಡಗಿದ. ಅಪ್ಪ ಎದ್ದು ಮಗ್ಗದ ಕುಣಿಗೆ ಇಳಿದ, ಮರುಗಳಿಗೆಯೇ ಮಗ್ಗದ ಸದ್ದು ಶುರುವಾಯಿತು. ನಮ್ಮ ಅಪ್ಪನಿಗೆ ಜಗಳವೆಂದರೆ ಆಗದು, ಅವನ ಮಗ್ಗದ ಸದ್ದಿನಲ್ಲಿ ಎಷ್ಟೋ ಅಳು ಮುಚ್ಚಿಹೋಗಿವೆ. ಆಗ ಅಡುಗೆಮನೆಯಿಂದ ಅವ್ವ ಬಂದಳು. ಕೈಯೆಲ್ಲ ಜೋಳದ ಹಿಟ್ಟು. ಆಯಿಯ ಎದುರು ಅವ್ವ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

“ಅತ್ತೀ, ಒಂದ್ ಮಾತ ಕೇಳ್ತೀನಿ. ನನ್ನ ಬಾಗಲಾ ಖರೇ ಆತು, ಗಿರಿಜಾನ ಬಾಗಲಾ ಚ್ಯಾಷ್ಟಿ ಹೆಂಗಾತ್ರಿ? ನನ್ನ ಸಾಲಿ ಬಿಡಿಸಿ ಕರಕೊಂಡು ಬರೂವಾಗ ಅದು ದೇವರ ಮುಂದಿನ ಮಾತು ಅಂದ್ರಿ. ನೀರ ಸೈತ ಮುಟ್ಟಲಿಲ್ಲ ನೀವು.”

ಆಯಿ ತಬ್ಬಿಬ್ಬಾಗಲಿಲ್ಲ. ತಿಳಿಯದ ಮಗುವಿಗೆ ತಿಳಿಸುವವಳಂತೆ, ಪ್ರೀತಿಯಿಂದಲೇ ಹೇಳಿದಳು.

“ಹೆಣ್ಣ ಕೊಡೂ ಮಾತ ಬ್ಯಾರೆ, ಹೆಣ್ಣ ಬೇಡೂ ಮಾತ ಬ್ಯಾರೆ. ಅದೂ ಇದೂ ಒಂದಾಕ್ಕೈತೇನ, ಹುಚ್ಚಿ?”

ಅವ್ವ ಹಿಟ್ಟಿನ ಕೈಯನ್ನು ನೋಡಿಕೊಂಡಳು. ಅವಳಿಗೆ ಉತ್ತರ ಸಿಕ್ಕಿತ್ತು. ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ತನ್ನ ಬಾಗಿಲ ಕಥೆಯನ್ನು ಅವಳು ಆಮೇಲೆ ಎಂದೂ ನಗುತ್ತ ಹೇಳಲಿಲ್ಲ, ಹೇಳಲೇ ಇಲ್ಲ. ಕಾಕಾ ಒಂದು ಮಾತು ಸೇರಿಸಿದ, ಲಗ್ನವಾದ ಮೇಲೂ ಕಲಿಯಬಹುದು, ಬೀಗರು ಒಳ್ಳೆಯವರು, ತಾನು ಮಾತಾಡುತ್ತೇನೆ ಎಂದು. ಅತ್ತಿ ಕಾಯಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ಸಂಜೆ ರಾಟಿಯ ಮುಂದೆ ಕೂತು ನೂಲು ಸುತ್ತಿದಳು. ನಾನು ಹತ್ತಿರ ಹೋಗಿ ಕೂತರೆ, “ಸಾಕ್ಷಿ ಬಂದ್ಲಲ್ಲ,” ಅಂದಳು. ಚೇಷ್ಟೆಗೆ ಅಂದಿರಬೇಕು. ಆದರೂ ನನಗೆ ತಡೆಯಲಾಗದ ಅಳು ಬಂತು, ಅವಳೇ ನನ್ನ ಮೂಗು ಒರೆಸಬೇಕಾಯಿತು.

ಮರುದಿನ ಕಾಕಾ ಮುಳಗುಂದದಿಂದ ಬರುವ ಹೊತ್ತಿಗೆ ನಾನೇ ನಡುಮನೆಯ ಬಾಗಿಲು ಮುಚ್ಚಿ, ಅವನ ಹಳೆಯ ಸೀಮೆಸುಣ್ಣದ ತುಂಡಿನಿಂದ ಬರೆದಿದ್ದೆ: ಕಾಕಾ ಅಬ್‌ಸ್ಟ್ರಕ್ಟ್ಸ್ ಗಿರಿಜತ್ತಿ. ನನಗೆ ಬಂದ ಇಂಗ್ಲಿಷ್ ಅಷ್ಟೇ. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ, ಓದಿದ. ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡ.

“ತಪ್ಪ ಐತಿ,” ಅಂದ.

“ಏನ್ ತಪ್ಪೈತಿ?”

“ತಪ್ಪ ಐತಿ ಅಂದ್ನೆಲ್ಲ.”

“ಸ್ವಂತ ವಾಕ್ಯ ಕಾಕಾ. ಮನ್ಯಾಗ ಕಂಡಿದ್ದ ಬರಿ ಅಂದಾವ ನೀನ. ತಪ್ಪ ಯಾವುದು ಅಂತ ತೋರಸು.”

ಅವನು ಬಾಗಿಲನ್ನು ಟವೆಲ್ಲಿನಿಂದ ಒರೆಸಿದ, ಶಬ್ದ ಹೋದ ಮೇಲೂ ಒರೆಸುತ್ತಲೇ ಇದ್ದ. ಹಲಗೆ ಬೂದಿ ಬಣ್ಣಕ್ಕೆ ತಿರುಗಿತು. ನನಗೆ ಹೊಡೆದಿದ್ದರೆ ನಾನು ಅವನನ್ನು ಕ್ಷಮಿಸುತ್ತಿದ್ದೆನೇನೋ. ಚಿಗವ್ವ ಚಹಾ ತಂದಳು, ಕುಡಿದು ಹೊರಗೆ ಹೋದ. ಅವತ್ತಿನಿಂದ ನಮ್ಮ ಮನೆಯ ಬಾಗಿಲ ಮೇಲೆ ಶಬ್ದ ಬರಲಿಲ್ಲ. ನಾನೂ ಕೇಳಲಿಲ್ಲ, ಅವನೂ ಕರೆಯಲಿಲ್ಲ. ತಪ್ಪು ಯಾವುದು ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ನಾನು ಹೈಸ್ಕೂಲಿನಲ್ಲಿದ್ದಾಗ. ಅಡ್ಡ ನಿಂತವಳು ಅತ್ತಿ. ಅಬ್‌ಸ್ಟ್ರಕ್ಟ್ ಮಾಡಿದವಳು ಅವಳು, ಅದೂ ಎರಡು ಒಡಪು ಹೇಳುವಷ್ಟು ಹೊತ್ತು, ಸರಿ ಅಂದರೆ ಸರಿದಳು. ಕಾಕಾ ಮಾಡಿದ್ದಕ್ಕೆ ಅವನೇ ಕಲಿಸಿದ ಬೇರೆ ಶಬ್ದ ಇತ್ತು, ಪ್ರಿವೆಂಟ್, ಆಗದಂತೆಯೇ ಮಾಡಿಬಿಡುವುದು. ಅರ್ಥ ಅವನು ಸರಿಯಾಗಿಯೇ ಕಲಿಸಿದ್ದ. ಮಾಸ್ತರ ಒಳ್ಳೆಯವನು.

ಗಿರಿಜತ್ತಿ ಶಿರಹಟ್ಟಿಗೆ ಹೋದಳು. ಆಕಾಶ ಬಣ್ಣದ ಸೀರೆಯನ್ನೂ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಿದ್ದಳು. ಮುಂದಿನ ಸಲ ನಾನು ಹೋದಾಗ ಅದನ್ನು ಉಟ್ಟು ದನದ ಕೊಟ್ಟಿಗೆ ಬಳಿಯುತ್ತಿದ್ದಳು, ಅದಾದ ಮೇಲೆ ಅದು ಹರಿದು ಅವಳ ಮಗನ ಕೌದಿಗೆ ಸೇರಿತು. ಟ್ರೇನಿಂಗಿನ ಮಾತು ಬೀಗರ ಮನೆಯಲ್ಲಿ ಒಮ್ಮೆ ಬಂತಂತೆ. ಬೀಗರು ನಕ್ಕರಂತೆ. ಕಾಕಾ ಮಾತಾಡುತ್ತೇನೆ ಅಂದವನು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅವಳ ಗಂಡ ಕೆಟ್ಟವನಲ್ಲ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ನಮ್ಮವರಿಗೆ ಅಷ್ಟಾದರೆ ಮುಗಿಯಿತು. ಆದರೆ ಸಂಜೆಯ ಹೊತ್ತು ಅವಳ ಅಂಗಡಿಯ ಕಟ್ಟೆಯ ಮೇಲೆ ಓಣಿಯ ಮಕ್ಕಳು ಪಾಟಿ ಹಿಡಿದು ಕೂತಿರುವುದನ್ನು, ಅವಳು ಬೆಲ್ಲ ತೂಗುತ್ತ ತೂಗುತ್ತ ಅವರ ಲೆಕ್ಕ ತಿದ್ದುವುದನ್ನು ನೋಡಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ನನ್ನನ್ನು ಓದಿಸಿದ್ದು ಅವ್ವ. ಕಾಕಾನ ಹತ್ತಿರವಾಗಲಿ ಆಯಿಯ ಹತ್ತಿರವಾಗಲಿ ಅವಳು ಏನನ್ನೂ ಬೇಡಲಿಲ್ಲ, ಬಾಗಿಲಲ್ಲಂತೂ ಅಲ್ಲವೇ ಅಲ್ಲ. ಅಪ್ಪನ ಮಗ್ಗದ ಪಕ್ಕ ನಿಂತು, ಸುಮಿ ಟ್ರೇನಿಂಗಿಗೆ ಹೋಗುತ್ತಾಳೆ ಎಂದು ಹೇಳಿ ಹೊರಗೆ ಬಂದಳು. ನಾನೀಗ ಕಳಸಾಪುರದ ಶಾಲೆಯಲ್ಲಿ ಕಲಿಸುತ್ತೇನೆ. ಸುಮಿ ನನ್ನ ಕೈಯಲ್ಲಿ ಕಲಿತವಳು ಎಂದು ಕಾಕಾ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಇಂದಿಗೂ ಯಾರಾದರೂ ಮಾತು ಕೊಡುತ್ತೇನೆ ಅಂದರೆ ನಾನು ಮೊದಲು ಅವರ ಕಣ್ಣು ಯಾರ ಕಡೆ ಹೊರಳಿತು ಎಂದು ನೋಡುತ್ತೇನೆ. ನನ್ನ ಗಂಡನಿಗೆ ಈ ಚಟ ಸೇರುವುದಿಲ್ಲ, ಪೊಲೀಸರ ಹಾಗೆ ನೋಡಬೇಡ ಅನ್ನುತ್ತಾನೆ.

ನನ್ನ ತಮ್ಮ ಬಸುವಿನ ಲಗ್ನ ಆದಾಗ ಬಾಗಿಲು ತಡೆಯುವ ಸರದಿ ನನ್ನದಾಯಿತು. ಆಯಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಮನೆ ಅದೇ, ಬಾಗಿಲು ಅದೇ, ಅಪ್ಪನ ಕೈಯ ಸೀರೆಯೊಂದನ್ನು ಅಡ್ಡ ಹಿಡಿದು ನಾನು ನಿಂತೆ. ಬಸು ಒಡಪು ಮರೆತು ಕೆಂಪಗಾಗಿದ್ದ. ಹೊಸ ಹುಡುಗಿ ಹೇಳಿಕೊಟ್ಟಳು. ಹಿಂದೆ ಬೀಗರ ನಡುವೆ ನಿಂತಿದ್ದ ಕಾಕಾ, ತಲೆ ಬೆಳ್ಳಗಾಗಿತ್ತು, ದನಿ ಮಾತ್ರ ತರಗತಿಯದೇ, ಎಲ್ಲರಿಗೂ ಕೇಳಿಸುವಂತೆ ಕೂಗಿದ.

“ಸುಮೀ, ಏನ್ ಬೇಡ್ತಿ ಜಲ್ದಿ ಬೇಡು! ಅಬ್‌ಸ್ಟ್ರಕ್ಟ್ ಮಾಡಬ್ಯಾಡ, ನಮಗ ಹಸಿವಿ ಆಗೇತಿ!”

ಜನ ನಕ್ಕರು. ಶಬ್ದ ಅವನಿಗೆ ನೆನಪಿತ್ತು. ಅಷ್ಟು ವರ್ಷಗಳಾದ ಮೇಲೂ. ನಾನು ಸೀರೆ ಕೆಳಗಿಳಿಸಿದೆ. ಬಸುವಿನಿಂದ ಏನನ್ನೂ ಬೇಡಲಿಲ್ಲ. “ಬರ್ರಿ ಒಳಗ, ಬಿಸಲಾಗ ನಿಂದ್ರಬ್ಯಾಡ್ರಿ,” ಎಂದು ಹುಡುಗಿಯ ಕೈ ಹಿಡಿದು ಹೊಸ್ತಿಲು ದಾಟಿಸಿದೆ. ಅವರ ಹಿಂದೆ ಕಾಕಾ ಕಾಲೆತ್ತಿದ. ನಾನು ಸೀರೆಯನ್ನು ಮತ್ತೆ ಎತ್ತಿ ಹಿಡಿದೆ.

“ನೀ ನಿಂದ್ರ ಕಾಕಾ.”

“ನನಗ್ಯಾತರ ಶಾಸ್ತ್ರವಾ?”

“ಈ ಬಾಗಲಾಗ ನಿಂದೊಂದ ಮಾತ ಬಿದ್ದೈತಿ. ಸಾಕ್ಷಿ ನಾನ ಇದ್ದೆ. ಅದನ್ನ ಏನ್ ಮಾಡ್ದಿ ಹೇಳು, ಒಳಗ ಬಾ.”

ಜನ ಇನ್ನೂ ನಗುತ್ತಲೇ ಇದ್ದರು, ಇದೂ ಒಂದು ಚೇಷ್ಟೆ ಎಂದುಕೊಂಡು. ಕಾಕಾನೂ ಮೊದಲು ನಕ್ಕ. ನಾನು ಸೀರೆ ಇಳಿಸದೆ ನಿಂತದ್ದು ನೋಡಿ ನಗು ಇಳಿಯಿತು. ದನಿ ತಗ್ಗಿಸಿ ಅಂದ, “ಹಳೇದನ್ನ ಯಾಕ ಕೆದರತಿ? ಗಿರಿಜಾಗ ಏನ ಕಡಿಮಿ ಆಗೇತಿ?”

“ಅದನ್ನ ಕೇಳಲಿಲ್ಲ ನಾನು.”

ಅವನು ಒಂದು ಮಾತು, ಒಂದೇ ಒಂದು, 'ತಪ್ಪಾತವಾ' ಅಂದಿದ್ದರೂ ನಾನು ಸೀರೆ ಬಿಸಾಕಿ ಅವನ ಕಾಲು ಮುಟ್ಟುತ್ತಿದ್ದೆ, ಅಷ್ಟು ಜೀವ ಇನ್ನೂ ಉಳಿದಿತ್ತು. ಅವನು ಚಪ್ಪಲಿ ಮತ್ತೆ ಮೆಟ್ಟಿಕೊಂಡು, ಬೀಗರೊಬ್ಬರ ಹೆಗಲ ಮೇಲೆ ಕೈ ಹಾಕಿ ಮಾತಾಡುತ್ತ ಆ ಕಡೆ ಸರಿದ. ನಾನು ಆರತಿ ಮುಗಿಸಿ ಒಳಗೆ ಬಂದು ನೋಡುತ್ತೇನೆ, ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ, ಹಿಂದಿನ ಬಾಗಿಲಿಂದ ಒಳಗೆ ಬಂದು ನಡುಮನೆಯ ಮೊದಲ ಪಂಕ್ತಿಯಲ್ಲಿ ಕೂತುಬಿಟ್ಟಿದ್ದ. ಅಂಗಿಗೆ ಸುಣ್ಣ ಹತ್ತಿತ್ತು. ಎಡಕ್ಕೂ ಬಲಕ್ಕೂ ಮಾತಾಡುತ್ತ ಎಲೆಗೆ ನೀರು ಚಿಮುಕಿಸುತ್ತಿದ್ದ.

ಬಡಿಸುತ್ತಿದ್ದವಳು ಗಿರಿಜತ್ತಿ. ಬಾಗಿಲಲ್ಲಿ ನಡೆದದ್ದನ್ನು ಅವಳು ನಡುಮನೆಯಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಿದ್ದಳು, ಮುಖ ನೋಡಿಯೇ ನನಗೆ ಗೊತ್ತಾಯಿತು. ಸೆರಗು ಸೊಂಟಕ್ಕೆ ಬಿಗಿದು, ತುಪ್ಪ ಹಾಕಿಕೊಂಡು ತಿನ್ನುವ ಸಿಹಿ ಮಾದಲಿಯ ಬೋಗುಣಿ ಎತ್ತಿಕೊಂಡು ಒಂದೊಂದೇ ಎಲೆಗೆ ಹಾಕುತ್ತ ಬಂದಳು. ಕಾಕಾನ ಪಕ್ಕದವರಿಗೆ ಹಾಕಿದಳು. ಕಾಕಾನ ಎಲೆ ದಾಟಿ ಆಚೆಯವರಿಗೆ ಹಾಕಿದಳು. ಮಾದಲಿ ಅಂದರೆ ಅವನಿಗೆ ಪ್ರಾಣ, ಅದು ಮನೆಯವರಿಗೆಲ್ಲ ಗೊತ್ತು.

“ಗಿರಿಜಾ, ನನಗ ಹಾಕಲೇ ಇಲ್ಲಲ್ಲ,” ಎಂದು ಅವನು ಕೈ ಚಾಚಿದ.

ಅತ್ತಿ ತಿರುಗಿ ಬಂದಳು. ಬೋಗುಣಿಯನ್ನು ಎಡಗೈಗೆ ತೆಗೆದುಕೊಂಡು, ಬಲ ಅಂಗೈಯನ್ನು ಅವನ ಚಾಚಿದ ಅಂಗೈ ಮೇಲೆ ಇಟ್ಟು ಒತ್ತಿದಳು.

“ಹಾಕ್ತೀನಣ್ಣಾ. ಕೊಟ್ಟೆ ಮಾತು.”

ಆಮೇಲೆ ಬೋಗುಣಿ ಎತ್ತಿಕೊಂಡು ಹೆಂಗಸರ ಪಂಕ್ತಿಗೆ ಹೋದಳು. ಬಡಿಸುವವನೊಬ್ಬ ಅವಸರದಲ್ಲಿ ಬಂದು ಎಲ್ಲರಿಗೂ ಹಾಕಿದಂತೆ ಕಾಕಾನಿಗೂ ತುಪ್ಪ ಹಾಕಿ ಹೋದ. ಮಾದಲಿ ಇಲ್ಲದ ಜಾಗದಲ್ಲಿ ಬಿದ್ದ ತುಪ್ಪ ಅವನ ಎಲೆಯ ಮೇಲೆ ಹರಿಯುತ್ತಿತ್ತು. ಅವನು ಒಂದು ಕೈಯಿಂದ ಅದನ್ನು ತಡೆಯುತ್ತ, ಕತ್ತೆತ್ತಿ ಅತ್ತಿ ಹೋದ ಕಡೆ ನೋಡುತ್ತ ಕೂತಿದ್ದ. ಪಂಕ್ತಿ ಏಳುವವರೆಗೂ ಅವಳು ಆ ಕಡೆ ಬರಲಿಲ್ಲ.